ಡಾಕ್ಸ್‌ನಲ್ಲಿ ಒಂದು ವಸ್ತುವಿಗೆ ಒಂದೇ ಹೆಸರು: ಶೀಟ್ ಸಾಕಾ, ವೇಲ್ ಬೇಕಾ, ಒಮೆಗಾಟಿನಾ?

ಕ್ಲೌಡ್ ಸಾಫ್ಟ್‌ವೇರ್‌ಗೆ ಸಹಾಯ ಪುಟ, ಕೈಪಿಡಿ (ಅಂದರೆ ಡಾಕ್ಸ್) ಬರೆಯುವವರು ಈಗ ಕೊಡಗಿನಲ್ಲೂ ಇದ್ದಾರೆ. ಮಡಿಕೇರಿ, ಕುಶಾಲನಗರ, ಗೋಣಿಕೊಪ್ಪದಲ್ಲಿ ಮನೆಯಲ್ಲೇ ಕೂತು ಬೆಂಗಳೂರಿನ ಕಂಪನಿಗಳಿಗೆ ಇಂಗ್ಲಿಷ್ ಡಾಕ್ಸ್ ಬರೆಯುತ್ತಾರೆ. ಇನ್ನು ಕೆಲವರು ತೋಟದ ಲೆಕ್ಕ, ಹೋಮ್‌ಸ್ಟೇ ಬುಕಿಂಗ್ ಥರದ ಸಾಫ್ಟ್‌ವೇರ್‌ಗೆ ಕನ್ನಡದ ಪುಟ ಬರೆಯುತ್ತಾರೆ. ಇವರಿಬ್ಬರೂ ಕೇಳುವ ಪ್ರಶ್ನೆ ಒಂದೇ. ತಂಡದಲ್ಲಿ ಒಬ್ಬೊಬ್ಬರು ಒಂದೊಂದು ಹೆಸರು ಬಳಸುತ್ತಾರೆ, ಇದನ್ನು ಹಿಡಿತಕ್ಕೆ ತರೋಕೆ ಗೂಗಲ್ ಶೀಟ್ ಸಾಕಾ, ಬರೆದದ್ದರಲ್ಲಿ ಬೇಡದ ಪದ ಹಿಡಿಯುವ ವೇಲ್ ಥರದ ಟೂಲ್ ಹಾಕಬೇಕಾ, ಇಲ್ಲಾ ಒಮೆಗಾಟಿ ಥರದ ಅನುವಾದದ ಟೂಲೇ ಬೇಕಾ ಅಂತ.

ಉತ್ತರ ನಿಮ್ಮ ತಂಡ ಎಷ್ಟು ದೊಡ್ಡದು, ಪುಟಗಳು ಎಲ್ಲಿವೆ, ಯಾವ ಭಾಷೆಯಲ್ಲಿವೆ ಅನ್ನೋದರ ಮೇಲೆ ನಿಂತಿದೆ. ಅದಕ್ಕೂ ಮೊದಲು, ಹೆಸರು ಬೆರಕೆಯಾದರೆ ನಷ್ಟ ಯಾರಿಗೆ ಅಂತ ನೋಡೋಣ.

ಕ್ಲೌಡ್‌ನಲ್ಲಿ ಕಂಪ್ಯೂಟರ್ ಬಾಡಿಗೆಗೆ ಕೊಡುವ ಅಮೆಜಾನ್‌ನ ಇಸಿ2 ತೆಗೆದುಕೊಳ್ಳಿ. ಅಲ್ಲಿ ಇನ್‌ಸ್ಟೆನ್ಸ್ (ಬಾಡಿಗೆಯ ಒಂದು ಕಂಪ್ಯೂಟರ್) ಅನ್ನು ಸ್ಟಾಪ್ ಮಾಡಿದರೆ ಮತ್ತೆ ಶುರು ಮಾಡಬಹುದು, ಜೋಡಿಸಿದ ಇಬಿಎಸ್ ಡಿಸ್ಕ್ ಹಾಗೇ ಉಳಿಯುತ್ತದೆ. ಟರ್ಮಿನೇಟ್ ಮಾಡಿದರೆ ಇನ್‌ಸ್ಟೆನ್ಸ್ ಹೋಯಿತು, ಸೆಟ್ಟಿಂಗ್ ಬದಲಿಸಿಕೊಂಡಿರದಿದ್ದರೆ ಸಾಮಾನ್ಯವಾಗಿ ರೂಟ್ ಡಿಸ್ಕೂ ಅದರ ಜೊತೆ ಹೋಗುತ್ತದೆ. ನಿಮ್ಮ ಪುಟದಲ್ಲಿ ಒಂದು ಕಡೆ ‘ನಿಲ್ಲಿಸಿ’, ಇನ್ನೊಂದು ಕಡೆ ‘ಮುಗಿಸಿ’, ಮತ್ತೊಂದು ಕಡೆ ‘ಕೊನೆಗೊಳಿಸಿ’ ಅಂತಿದ್ದರೆ ಓದುವವರು ಯಾವ ಬಟನ್ ಒತ್ತಬೇಕು? ರೀಜನ್ ಮತ್ತು ಝೋನ್ ಕಥೆಯೂ ಇದೇ. ರೀಜನ್ ಅಂದರೆ ಒಂದು ಪ್ರದೇಶದ ಡೇಟಾ ಸೆಂಟರ್‌ಗಳ ಗುಂಪು, ಝೋನ್ ಅಂದರೆ ಅದರೊಳಗಿನ ಪ್ರತ್ಯೇಕ ಭಾಗ. ಅಮೆಜಾನ್‌ನ ಮುಂಬೈ ರೀಜನ್ ಒಳಗೆ ಮೂರು ಅವೈಲಬಿಲಿಟಿ ಝೋನ್ ಇವೆ. ‘ಬ್ಯಾಕಪ್ ಅನ್ನು ಬೇರೆ ವಲಯದಲ್ಲಿಡಿ’ ಅಂತ ಬರೆದು, ರೀಜನ್‌ಗೂ ಝೋನ್‌ಗೂ ವಲಯ ಅನ್ನೋ ಒಂದೇ ಪದ ಬಳಸಿದರೆ, ಓದುವವರು ಪ್ರತಿಯನ್ನು ಅದೇ ಮುಂಬೈ ಒಳಗೆ ಇಟ್ಟು ನೆಮ್ಮದಿಯಾಗಿ ಇದ್ದುಬಿಡಬಹುದು. ಹಾಗಾಗಿ ಇದು ಚಂದದ ಪ್ರಶ್ನೆ ಅಲ್ಲ. ಓದುವವರ ಡೇಟಾ ಉಳಿಯುತ್ತದಾ ಇಲ್ವಾ ಅನ್ನೋ ಪ್ರಶ್ನೆ.

ನಮ್ಮ ಊರಿನ ಸಾಫ್ಟ್‌ವೇರ್‌ನಲ್ಲೂ ಇದು ಬರುತ್ತದೆ. ಕಾಫಿ ವ್ಯಾಪಾರದಲ್ಲಿ ಚೆರಿ ಅಂದರೆ ಒಣಗಿಸಿದ ಹಣ್ಣು. ಗಿಡದಿಂದ ಕೊಯ್ದಿದ್ದು ಹಣ್ಣು. ಒಣಗಿದ ಮೇಲೆ ತೂಕ ಅರ್ಧಕ್ಕೂ ಕಡಿಮೆಯಾಗುತ್ತದೆ. ಸ್ಟಾಕ್ ಪುಟದಲ್ಲಿ ‘ಹಣ್ಣು’, ರಿಪೋರ್ಟ್ ಪುಟದಲ್ಲಿ ಅದಕ್ಕೇ ‘ಚೆರಿ’ ಅಂತ ಬರೆದರೆ ಇಡೀ ಸೀಸನ್ನಿನ ಲೆಕ್ಕ ತಪ್ಪುತ್ತದೆ. ಇನ್ನೊಂದು, ಪುಟ ತಿದ್ದುವ ಅನುಮತಿಗೆ ‘ರೈಟರ್’ ಅಂತ ಹೆಸರಿಟ್ಟರೆ ತೋಟದ ಲೆಕ್ಕ ಬರೆಯುವ ರೈಟರ್ ಅದು ತನಗೇ ಅಂದುಕೊಳ್ಳುತ್ತಾರೆ. ಅಂದುಕೊಳ್ಳಲೇಬೇಕು, ನಮ್ಮಲ್ಲಿ ರೈಟರ್ ಅಂದರೆ ಅವರೇ ಅಲ್ವಾ.

ಯಾವುದನ್ನು ಅಳೆಯಬೇಕು

ನಾನು ಮೊದಲು ನೋಡೋದು ತಪ್ಪು ಎಲ್ಲಿ ಸಿಕ್ಕಿಬೀಳುತ್ತದೆ ಅನ್ನೋದನ್ನು. ಬರೆಯುವಾಗಲೇ ಸಿಗಬೇಕು. ಪುಟ ಹೊರಗೆ ಹೋದ ಮೇಲೆ ಸಿಕ್ಕಿದರೆ ಅಷ್ಟೊತ್ತಿಗೆ ಯಾರೋ ಅದನ್ನು ಓದಿ ಬಟನ್ ಒತ್ತಿರುತ್ತಾರೆ. ಎರಡನೆಯದು, ನಿಮ್ಮ ಪುಟಗಳು ಎಲ್ಲಿವೆ: ಗಿಟ್‌ನಲ್ಲಿ (ಫೈಲಿನ ಪ್ರತಿ ಬದಲಾವಣೆ ದಾಖಲಿಸಿಡುವ ವ್ಯವಸ್ಥೆ) ಮಾರ್ಕ್‌ಡೌನ್ ಅನ್ನೋ ಸಾದಾ ಪಠ್ಯದ ಫೈಲಾಗಿವೆಯಾ, ಗೂಗಲ್ ಡಾಕ್ಸ್‌ನಲ್ಲಿವೆಯಾ, ವಿಕಿಯಲ್ಲಿವೆಯಾ? ಅರ್ಧ ಆಯ್ಕೆ ಇಲ್ಲೇ ತೀರ್ಮಾನ ಆಗುತ್ತದೆ. ಆಮೇಲೆ ಖರ್ಚು. ದುಡ್ಡಿನ ಖರ್ಚಿಗಿಂತ ಸಮಯದ ಖರ್ಚು ಜಾಸ್ತಿ, ಯಾಕಂದರೆ ಪದಪಟ್ಟಿಯನ್ನು ಯಾರಾದರೂ ಒಬ್ಬರು ನೋಡಿಕೊಳ್ಳುತ್ತಲೇ ಇರಬೇಕು.

ಕೊಡಗಿನವರಿಗೆ ಇನ್ನೊಂದು ಅಳತೆ ಇದೆ. ಜೂನ್‌ನಿಂದ ಆಗಸ್ಟ್‌ವರೆಗೆ ಮರ ಬಿದ್ದು ಕರೆಂಟ್ ಹೋಗುತ್ತದೆ, ಹಿಂದೆಯೇ ನೆಟ್ ಹೋಗುತ್ತದೆ, ಲ್ಯಾಪ್‌ಟಾಪ್ ಬ್ಯಾಟರಿ ಮಾತ್ರ ಉಳಿಯುತ್ತದೆ. ನೆಟ್ ಇಲ್ಲದೆ ನಡೆಯದ ಟೂಲ್ ಅಂದರೆ ನಾಪೋಕ್ಲು, ಭಾಗಮಂಡಲ ಕಡೆಯವರಿಗೆ ಮಳೆಗಾಲದಲ್ಲಿ ಟೂಲ್ ಇಲ್ಲದ ಹಾಗೇನೇ. ಕೊನೆಯದು ಕನ್ನಡ. ಇಂಗ್ಲಿಷ್‌ಗೆ ಮಾಡಿದ ಟೂಲ್ ಕನ್ನಡದ ವಿಭಕ್ತಿ ಪ್ರತ್ಯಯ ನೋಡಿ ಕಂಗಾಲಾಗುತ್ತದೆ. ಇದನ್ನು ಕೆಳಗೆ ಬಿಡಿಸಿ ಹೇಳುತ್ತೇನೆ.

ಬರೀ ಒಂದು ಶೀಟ್

ಎಲ್ಲರೂ ಇಲ್ಲಿಂದಲೇ ಶುರು ಮಾಡುತ್ತಾರೆ, ಮಾಡಬೇಕು ಕೂಡ. ದುಡ್ಡಿಲ್ಲ, ಕಲಿಯೋದಿಲ್ಲ, ಗೂಗಲ್ ಶೀಟ್‌ನಲ್ಲಿ ಆಫ್‌ಲೈನ್ ಆನ್ ಮಾಡಿಟ್ಟರೆ ನೆಟ್ ಇಲ್ಲದಾಗಲೂ ತೆಗೆಯಬಹುದು. ಆದರೆ ಹೆಚ್ಚಿನವರು ಎರಡೇ ಕಾಲಮ್ ಹಾಕುತ್ತಾರೆ: ಇಂಗ್ಲಿಷ್ ಪದ, ಕನ್ನಡ ಪದ. ಅದು ಸಾಲದು. ಬಳಸಬೇಕಾದ ಪದ, ಬಳಸಬಾರದ ಪದಗಳು, ಒಂದು ಸಾಲಿನ ಅರ್ಥ, ಸ್ಕ್ರೀನ್ ಮೇಲೆ ಯಾವ ಹೆಸರಿದೆ, ಕೋಡ್‌ನಲ್ಲಿ ಯಾವ ಹೆಸರಿದೆ, ಯಾರು ಯಾವಾಗ ತೀರ್ಮಾನ ಮಾಡಿದರು, ಇಷ್ಟು ಇರಲಿ. ‘ಬಳಸಬಾರದ ಪದ’ ಕಾಲಮ್ಮೇ ಮುಖ್ಯ. ಮುಂದೆ ಯಾವ ಟೂಲ್‌ಗೆ ಹೋದರೂ ಅದು ಕೇಳುವುದು ಅದನ್ನೇ.

ಕೋಡ್‌ನ ಹೆಸರು ಯಾಕೆ ಬೇಕು ಅಂದರೆ, ಕ್ಲೌಡ್ ಡಾಕ್ಸ್‌ನಲ್ಲಿ ಹೆಸರು ಬದಲಿಸುವ ಅಧಿಕಾರ ಬರೆಯುವವರ ಕೈಯಲ್ಲಿ ಪೂರ್ತಿ ಇರುವುದಿಲ್ಲ. ಓಪನ್‌ಸ್ಟ್ಯಾಕ್ ಇದಕ್ಕೆ ಒಳ್ಳೆಯ ಉದಾಹರಣೆ. ನಾಸಾ ಮತ್ತು ರ‍್ಯಾಕ್‌ಸ್ಪೇಸ್ ಸೇರಿ 2010ರಲ್ಲಿ ಶುರು ಮಾಡಿದ ಈ ಕ್ಲೌಡ್ ಸಾಫ್ಟ್‌ವೇರ್‌ನಲ್ಲಿ, ಬಳಕೆದಾರರ ಗುಂಪಿಗೆ ಹಂಚಿಕೊಟ್ಟ ಜಾಗಕ್ಕೆ ಮೊದಲು ಟೆನೆಂಟ್ ಅನ್ನುತ್ತಿದ್ದರು. ಅದರ ಲಾಗಿನ್ ನೋಡಿಕೊಳ್ಳುವ ಭಾಗ ಕೀಸ್ಟೋನ್‌ನ ಮೂರನೇ ಆವೃತ್ತಿಯ ಎಪಿಐನಲ್ಲಿ (ಬೇರೆ ಪ್ರೋಗ್ರಾಂಗಳು ಅದನ್ನು ಕರೆಯುವ ದಾರಿ) ಅದನ್ನು ಪ್ರಾಜೆಕ್ಟ್ ಅಂತ ಬದಲಿಸಿದರು. ಆದರೆ ನೆಟ್‌ವರ್ಕ್ ನೋಡಿಕೊಳ್ಳುವ ನ್ಯೂಟ್ರಾನ್ ಥರದ ಕಡೆ ಟೆನೆಂಟ್ ಐಡಿ ಅನ್ನೋ ಹಳೇ ಹೆಸರು ಹೊಸದರ ಜೊತೆಗೇ ಉಳಿಯಿತು. ಇಂಥ ಕಡೆ ‘ಫೈಂಡ್ ಆ್ಯಂಡ್ ರಿಪ್ಲೇಸ್’ ಹೊಡೆದು ಎಲ್ಲವನ್ನೂ ಪ್ರಾಜೆಕ್ಟ್ ಮಾಡಿದರೆ ಡಾಕ್ಸ್ ಚಂದ ಕಾಣುತ್ತದೆ, ಅದರಲ್ಲಿರುವ ಕಮಾಂಡ್ ಓಡುವುದಿಲ್ಲ.

ಒಬ್ಬರೋ ಇಬ್ಬರೋ ಬರೆಯುವ ಕಡೆ ಶೀಟ್ ಸಾಕು, ನಿಜವಾಗಿ ಸಾಕು. ಮೂರನೆಯವರು ಬಂದ ಕೂಡಲೇ ತೊಂದರೆ ಶುರುವಾಗುತ್ತದೆ. ಶೀಟ್ ಯಾರನ್ನೂ ತಡೆಯುವುದಿಲ್ಲ, ತೆರೆದು ನೋಡಿದವರಿಗೆ ಮಾತ್ರ ಹೇಳುತ್ತದೆ. ಗಡಿಬಿಡಿಯಲ್ಲಿ ಯಾರೂ ತೆರೆಯುವುದಿಲ್ಲ.

ಡಾಕ್ಸ್ ಒಳಗೇ ಪದಪಟ್ಟಿ

ಕುಬರ್ನೆಟಿಸ್ ಅನ್ನೋ ಕ್ಲೌಡ್ ಸಾಫ್ಟ್‌ವೇರ್‌ನವರು ಇದನ್ನು ಚೆನ್ನಾಗಿ ಮಾಡಿದ್ದಾರೆ. ಅವರ ಡಾಕ್ಸ್‌ನಲ್ಲಿ ಪ್ರತಿ ಪದಕ್ಕೆ ಒಂದು ಫೈಲ್ ಇದೆ. ಪುಟದಲ್ಲಿ ಆ ಪದದ ಮೇಲೆ ಮೌಸ್ ಇಟ್ಟರೆ ಅರ್ಥ ಕಾಣುತ್ತದೆ. ಪಟ್ಟಿ ಓದುಗರಿಗೂ ಸಿಗುತ್ತದೆ, ಬರೆಯುವವರಿಗೂ ಸಿಗುತ್ತದೆ. ಹೊಸಬರು ಓದುವ ಡಾಕ್ಸ್ ಆಗಿದ್ದರೆ ಇದರಷ್ಟು ಉಪಕಾರ ಬೇರೆ ಯಾವುದೂ ಇಲ್ಲ. ಆದರೆ ಇದೂ ಯಾರನ್ನೂ ತಡೆಯುವುದಿಲ್ಲ. ಇದನ್ನು ಒಂದೇ ಉಪಾಯ ಅಂತ ಆರಿಸಬೇಡಿ, ಇನ್ನೊಂದರ ಜೊತೆ ಇಟ್ಟುಕೊಳ್ಳಿ.

ವೇಲ್

ಗಿಟ್‌ನಲ್ಲಿ ಫೈಲ್ ಇಟ್ಟು ಬರೆಯುವವರಿಗೆ ನಾನು ಮೊದಲು ಹೇಳೋದು ವೇಲ್ ಅಂತ. ಇದು ಉಚಿತ, ಓಪನ್ ಸೋರ್ಸ್. ಮಾರ್ಕ್‌ಡೌನ್, ಆಸ್ಕಿಡಾಕ್, ರೀಸ್ಟ್ರಕ್ಚರ್ಡ್‌ಟೆಕ್ಸ್ಟ್ ಥರದ ಪಠ್ಯದ ಫೈಲ್‌ಗಳನ್ನು ಓದುತ್ತದೆ. ಪೂರ್ತಿ ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ಓಡುತ್ತದೆ, ನೆಟ್ ಬೇಕಿಲ್ಲ, ಆದ್ದರಿಂದ ಮಳೆಗಾಲದ ಅಳತೆಯಲ್ಲಿ ಪೂರ್ತಿ ಪಾಸ್. ಯಾಮಲ್ ಅನ್ನೋ ಒಂದು ಸಾದಾ ಸೆಟ್ಟಿಂಗ್ ಫೈಲ್‌ನಲ್ಲಿ ‘ಈ ಪದ ಕಂಡರೆ ಆ ಪದ ಬಳಸಿ’ ಅಂತ ಬರೆದಿಟ್ಟರೆ ಬರೆಯುವಾಗಲೇ ಎಡಿಟರ್‌ನಲ್ಲಿ ಗೆರೆ ಎಳೆದು ತೋರಿಸುತ್ತದೆ. ಅದೇ ನಿಯಮ ಗಿಟ್‌ಹಬ್‌ನಲ್ಲಿ ಪುಲ್ ರಿಕ್ವೆಸ್ಟ್ (ನನ್ನ ಬದಲಾವಣೆ ಸೇರಿಸಿ ಅನ್ನೋ ಕೋರಿಕೆ) ಬಂದಾಗಲೂ ಓಡುವಂತೆ ಮಾಡಬಹುದು. ಗೂಗಲ್, ಮೈಕ್ರೋಸಾಫ್ಟ್ ಶೈಲಿಯ ನಿಯಮಗಳ ಸಿದ್ಧ ಪ್ಯಾಕೇಜ್ ಕೂಡ ಸಿಗುತ್ತದೆ. ಮಾರ್ಕ್‌ಡೌನ್‌ನಲ್ಲಿ ಕೋಡ್ ಅಂತ ಗುರುತು ಹಾಕಿದ ಭಾಗವನ್ನು ಅದು ಬಿಟ್ಟುಬಿಡುತ್ತದೆ. ಮೇಲೆ ಹೇಳಿದ ಟೆನೆಂಟ್ ಐಡಿ ಥರದ ಹೆಸರುಗಳು ಅದರಿಂದ ಬದುಕುತ್ತವೆ.

ವೇಲ್‌ನಲ್ಲಿ ಸಲಹೆ, ಎಚ್ಚರಿಕೆ, ತಪ್ಪು ಅಂತ ಮೂರು ಮಟ್ಟ ಇದೆ. ಶುರುವಿನಲ್ಲೇ ನೂರಾರು ಪದಗಳನ್ನು ‘ತಪ್ಪು’ ಮಟ್ಟಕ್ಕೆ ಹಾಕಿದರೆ ತಂಡದವರು ಬೇಜಾರಾಗಿ ಅದನ್ನು ಆಫ್ ಮಾಡುತ್ತಾರೆ. ಸ್ಟಾಪ್ ಮತ್ತು ಟರ್ಮಿನೇಟ್, ರೀಜನ್ ಮತ್ತು ಝೋನ್, ಸ್ನ್ಯಾಪ್‌ಶಾಟ್ ಮತ್ತು ಬ್ಯಾಕಪ್, ಇಂಥ ಡೇಟಾ ಹೋಗುವ ಪದಗಳನ್ನು ಮಾತ್ರ ‘ತಪ್ಪು’ ಮಾಡಿ. ಉಳಿದದ್ದು ಸಲಹೆಯಾಗಿ ಇರಲಿ.

ಈಗ ಕನ್ನಡದ ವಿಷಯ. ವೇಲ್ ತಾನಾಗೇ ಪೂರ್ತಿ ಪದ ಹುಡುಕುತ್ತದೆ. ಇಂಗ್ಲಿಷ್‌ನಲ್ಲಿ ಅದು ಸರಿ. ನಮ್ಮಲ್ಲಿ ಕಡತ ಅನ್ನೋದು ಕಡತದಲ್ಲಿ, ಕಡತಕ್ಕೆ, ಕಡತವನ್ನು, ಕಡತಗಳಿಂದ ಅಂತೆಲ್ಲ ಬರುತ್ತದಲ್ವಾ, ಹಾಗಾಗಿ ‘ಕಡತ ಬೇಡ, ಫೈಲ್ ಬಳಸಿ’ ಅನ್ನೋ ನಿಯಮ ಹೆಚ್ಚಿನ ಕಡೆ ಸುಮ್ನೆ ಕೂತಿರುತ್ತದೆ. ಪದದ ಗಡಿ ನೋಡಬೇಡ ಅಂತ ಹೇಳುವ ‘ನಾನ್‌ವರ್ಡ್’ ಆಯ್ಕೆ ಅದರಲ್ಲಿದೆ. ಅದನ್ನು ಹಾಕಿದರೆ ಎಲ್ಲ ರೂಪಗಳೂ ಸಿಗುತ್ತವೆ, ಜೊತೆಗೆ ಫೋಲ್ಡರ್‌ಗೆ ಬಳಸುವ ಕಡತಕೋಶವೂ ಸಿಕ್ಕಿಬೀಳುತ್ತದೆ. ಹಾಗಾಗಿ ಕನ್ನಡದ ನಿಯಮ ಬರೆಯುವಾಗ ಬಿಡಬೇಕಾದ ಪದಗಳ ಯೋಚನೆಯೂ ಬೇಕು.

ಕೊನೆಯಲ್ಲಿ ಅರ್ಧಾಕ್ಷರ ಇರುವ ಪದಕ್ಕೆ ಇನ್ನೊಂದು ಉಪಾಯ. ಸರ್ವರ್ ಅಂತ ಹುಡುಕಿದರೆ ಸರ್ವರಿಗೆ, ಸರ್ವರನ್ನು ಸಿಗುವುದಿಲ್ಲ. ನಿಯಮದಲ್ಲಿ ‘ಸರ್ವರ’ ಅಂತ ಕೊನೆಯ ಅರ್ಧಾಕ್ಷರದ ಗುರುತು ತೆಗೆದು ಬರೆದು, ‘ನಾನ್‌ವರ್ಡ್’ ಆಯ್ಕೆಯನ್ನೂ ಹಾಕಿ, ಎಲ್ಲವೂ ಸಿಗುತ್ತದೆ. ಇನ್ನು ಸಾಫ್ಟ್‌ವೇರ್ ಅನ್ನೋ ಪದದ ನಡುವೆ ಕಣ್ಣಿಗೆ ಕಾಣದ ಒಂದು ಗುರುತಿದೆ, ಯೂನಿಕೋಡ್‌ನಲ್ಲಿ ಝೀರೋ ವಿಡ್ತ್ ನಾನ್ ಜಾಯ್ನರ್. ಅದಿಲ್ಲದಿದ್ದರೆ ಸಾಫ್ಟ್ವೇರ್ ಅಂತ ಒತ್ತಕ್ಷರ ಬೀಳುತ್ತದೆ. ಕೆಲವರು ಅದನ್ನು ಹಾಕುತ್ತಾರೆ, ಕೆಲವರು ಹಾಕುವುದಿಲ್ಲ, ಕಂಪ್ಯೂಟರ್‌ಗೆ ಇವೆರಡೂ ಬೇರೆ ಬೇರೆ ಪದ. ಒಂದನ್ನು ಹುಡುಕಿದರೆ ಇನ್ನೊಂದು ಸಿಗದೇ ಹೋಗಬಹುದು, ಆಗ ಎಲ್ಲ ಸರಿಯಿದೆ ಅಂತ ನೀವು ಮುಂದೆ ಹೋಗುತ್ತೀರಿ. ಕನ್ನಡ ಡಾಕ್ಸ್ ಇರುವ ತಂಡ ಮೊದಲು ತೀರ್ಮಾನ ಮಾಡಬೇಕಾದ್ದು ಇದನ್ನೇ. ಬೇರೆ ಎಲ್ಲ ಪದಗಳ ಚರ್ಚೆ ಆಮೇಲೆ.

ವೇಲ್‌ಗೆ ಒಂದು ಮಿತಿ ಇದೆ: ಅದಕ್ಕೆ ಫೈಲ್ ಬೇಕು. ಗೂಗಲ್ ಡಾಕ್ಸ್‌ನಲ್ಲಿ ಬರೆಯುವ ತಂಡಕ್ಕೆ ಇದು ಆಗಿಬರುವುದಿಲ್ಲ. ಇದೊಂದಕ್ಕಾಗಿ ಎಲ್ಲರನ್ನೂ ಗಿಟ್‌ಗೆ ಎಳೆಯಬೇಡಿ.

ಹೆಸರನ್ನೇ ವೇರಿಯಬಲ್ ಮಾಡುವುದು

ಉತ್ಪನ್ನದ ಹೆಸರನ್ನು ಒಂದು ಕಡೆ ಬರೆದಿಟ್ಟು, ಉಳಿದ ಕಡೆ ಅದನ್ನು ಕರೆಯುವುದು. ಡಾಕ್ಸ್ ತಯಾರಿಸುವ ಟೂಲ್‌ಗಳಲ್ಲಿ ಇದಕ್ಕೆ ಬೇರೆ ಬೇರೆ ಹೆಸರು: ಆಸ್ಕಿಡಾಕ್‌ನಲ್ಲಿ ಆ್ಯಟ್ರಿಬ್ಯೂಟ್, ಸ್ಫಿಂಕ್ಸ್‌ನಲ್ಲಿ ಸಬ್‌ಸ್ಟಿಟ್ಯೂಶನ್, ಹ್ಯೂಗೋದಲ್ಲಿ ಶಾರ್ಟ್‌ಕೋಡ್. ಕ್ಲೌಡ್ ಕಂಪನಿಗಳು ಹೆಸರು ಬದಲಿಸುತ್ತಲೇ ಇರುತ್ತವೆ. 2023ರಲ್ಲಿ ಮೈಕ್ರೋಸಾಫ್ಟ್‌ನ ಲಾಗಿನ್ ಸೇವೆಗಿದ್ದ ಅಜೂರ್ ಆ್ಯಕ್ಟಿವ್ ಡೈರೆಕ್ಟರಿ ಅನ್ನೋ ಹೆಸರು ಹೋಗಿ ಮೈಕ್ರೋಸಾಫ್ಟ್ ಎಂಟ್ರಾ ಐಡಿ ಬಂತು. ವೇರಿಯಬಲ್ ಇಟ್ಟುಕೊಂಡವರು ಒಂದು ಸಾಲು ಬದಲಿಸಿದರು, ಕೆಲಸ ಮುಗಿಯಿತು.

ಇಂಗ್ಲಿಷ್ ಡಾಕ್ಸ್‌ಗೆ ಇದು ಬಹಳ ಒಳ್ಳೆಯದು. ಕನ್ನಡಕ್ಕೆ ಅಷ್ಟು ಒಗ್ಗುವುದಿಲ್ಲ. ವೇರಿಯಬಲ್ ಪಕ್ಕ ‘ನಲ್ಲಿ’ ಅಂಟಿಸಿದರೆ ಪ್ರಾಜೆಕ್ಟ್‌ನಲ್ಲಿ ಅಂತ ಸರಿಯಾಗಿ ಬರುತ್ತದೆ, ನಾಳೆ ಆ ಹೆಸರು ‘ಖಾತೆ’ ಆದರೆ ‘ಖಾತೆನಲ್ಲಿ’ ಅಂತ ಬರುತ್ತದೆ. ‘ಎಂಬ ಸೇವೆಯಲ್ಲಿ’ ಅಂತ ನಡುವೆ ಒಂದು ಪದ ಸೇರಿಸಿ ತಪ್ಪಿಸಿಕೊಳ್ಳಬಹುದು. ಆದರೆ ಪುಟದ ತುಂಬ ಅದೇ ಆದರೆ ಓದೋಕೆ ಹಿಂಸೆ. ಕನ್ನಡದಲ್ಲಿ ಉತ್ಪನ್ನದ ಹೆಸರು, ಆವೃತ್ತಿ ಸಂಖ್ಯೆ, ಇಷ್ಟಕ್ಕೆ ಮಾತ್ರ ವೇರಿಯಬಲ್ ಇಡಿ. ಸಾಮಾನ್ಯ ಪದಗಳಿಗೆ ಬೇಡ.

ಅನುವಾದದ ಟೂಲ್: ಒಮೆಗಾಟಿ, ವೆಬ್‌ಲೇಟ್

ಇಂಗ್ಲಿಷ್ ಡಾಕ್ಸ್ ಆಗಲೇ ಇದ್ದು, ಅದನ್ನು ಕನ್ನಡಕ್ಕೆ ತರುವುದು ನಿಮ್ಮ ಕೆಲಸವಾದರೆ ಬೇರೆಲ್ಲ ಬಿಟ್ಟು ಇಲ್ಲಿಗೆ ಬನ್ನಿ. ಇವೆರಡರಲ್ಲಿ ಆಯ್ಕೆ ಸುಲಭ. ಒಬ್ಬರೇ ಅನುವಾದ ಮಾಡುತ್ತೀರಾ, ನೆಟ್ ನಂಬೋಕಾಗಲ್ವಾ, ಹಾಗಾದರೆ ಒಮೆಗಾಟಿ. ಉಚಿತ, ಕಂಪ್ಯೂಟರ್‌ನಲ್ಲೇ ಓಡುತ್ತದೆ, ಜಾವಾ ಮೇಲೆ ನಡೆಯುವುದರಿಂದ ವಿಂಡೋಸ್, ಲಿನಕ್ಸ್ ಯಾವುದಾದರೂ ಸರಿ. ಅದರ ಗ್ಲಾಸರಿ ಅಂದರೆ ಟ್ಯಾಬ್‌ನಿಂದ ಬೇರೆ ಮಾಡಿದ ಮೂರು ಕಾಲಮ್‌ನ ಸಾದಾ ಟೆಕ್ಸ್ಟ್ ಫೈಲ್: ಮೂಲ ಪದ, ಅನುವಾದ, ಟಿಪ್ಪಣಿ. ನೀವು ಒಂದು ವಾಕ್ಯಕ್ಕೆ ಬಂದ ಕೂಡಲೇ ಅದರಲ್ಲಿರುವ ಪದಗಳು ಪಕ್ಕದಲ್ಲಿ ಕಾಣುತ್ತವೆ. ಹುಡುಕುವುದು ಇಂಗ್ಲಿಷ್ ಕಡೆಯಲ್ಲಾದ್ದರಿಂದ ಮೇಲೆ ಹೇಳಿದ ವಿಭಕ್ತಿಯ ರಗಳೆ ಇಲ್ಲಿ ಇಲ್ಲ. ಮೊದಲು ಮಾಡಿದ ಅನುವಾದವನ್ನೂ ನೆನಪಿಟ್ಟು ತೋರಿಸುತ್ತದೆ, ಹೋದ ವರ್ಷ ಏನು ಬರೆದಿದ್ದೆವು ಅಂತ ಹುಡುಕಬೇಕಿಲ್ಲ.

ತಂಡ ದೊಡ್ಡದಾದರೆ ವೆಬ್‌ಲೇಟ್. ಬ್ರೌಸರ್‌ನಲ್ಲಿ ಕೆಲಸ, ಗಿಟ್ ಜೊತೆ ತಾನೇ ಮಾತಾಡಿಕೊಳ್ಳುತ್ತದೆ. ಗ್ಲಾಸರಿಯಲ್ಲಿ ‘ಅನುವಾದಿಸಬೇಡಿ’, ‘ನಿಷಿದ್ಧ’ ಅಂತ ಪದಗಳಿಗೆ ಗುರುತು ಹಾಕಬಹುದು. ಕ್ಲೌಡ್ ಡಾಕ್ಸ್‌ಗೆ ಈ ‘ಅನುವಾದಿಸಬೇಡಿ’ ತುಂಬ ಬೇಕು. ಫೈಲ್ ಇಡುವ ಒಂದೇ ಥರದ ಜಾಗಕ್ಕೆ ಅಮೆಜಾನ್‌ನ ಎಸ್3ಯಲ್ಲಿ ಬಕೆಟ್, ಅಜೂರ್‌ನ ಬ್ಲಾಬ್ ಸ್ಟೋರೇಜ್‌ನಲ್ಲಿ ಕಂಟೇನರ್ ಅನ್ನುತ್ತಾರೆ, ಆ ಕಂಟೇನರ್‌ಗೂ ಪ್ರೋಗ್ರಾಂ ಓಡಿಸುವ ಡಾಕರ್‌ನ ಕಂಟೇನರ್‌ಗೂ ಸಂಬಂಧ ಇಲ್ಲ. ಇವನ್ನೆಲ್ಲ ಕನ್ನಡ ಮಾಡಹೊರಟರೆ ಓದುವವರಿಗೆ ಸ್ಕ್ರೀನ್ ಮೇಲಿನ ಬಟನ್ನೇ ಸಿಗುವುದಿಲ್ಲ. ವೆಬ್‌ಲೇಟ್ ಅನ್ನು ನಿಮ್ಮ ಸರ್ವರ್‌ನಲ್ಲೇ ಹಾಕಿಕೊಂಡರೆ ಸಾಫ್ಟ್‌ವೇರ್‌ಗೆ ದುಡ್ಡಿಲ್ಲ, ಸರ್ವರ್ ನೋಡಿಕೊಳ್ಳುವ ಕೆಲಸ ನಿಮ್ಮದು. ಅದನ್ನು ನೋಡಿಕೊಳ್ಳುವವರು ಇಲ್ಲದಿದ್ದರೆ ಅವರದೇ ಸೇವೆಗೆ ದುಡ್ಡು ಕೊಡುವುದು ಒಳ್ಳೆಯದು. ನೆಟ್ ಮಾತ್ರ ಬೇಕೇ ಬೇಕು.

ಆಕ್ರೊಲಿಂಕ್ಸ್ ಥರದ ಪೇಯ್ಡ್ ಟೂಲ್‌ಗಳೂ ಇವೆ. ಅವು ದೊಡ್ಡ ಕಂಪನಿಗಳಿಗೆ. ಐದಾರು ಜನರ ತಂಡ ಅತ್ತ ನೋಡುವುದೇ ಬೇಡ.

ಎಐಗೆ ಪಟ್ಟಿ ಕೊಟ್ಟು ನೋಡಿಸಿದರೆ?

ಈಗ ಎಲ್ಲರೂ ಇದನ್ನೇ ಕೇಳುತ್ತಾರೆ. ಪದಪಟ್ಟಿಯನ್ನೂ ಪುಟವನ್ನೂ ಕೊಟ್ಟು ‘ಎಲ್ಲಿ ತಪ್ಪಿದೆ ಹೇಳು’ ಅಂದರೆ, ವೇಲ್‌ಗೆ ಆಗದ ಒಂದು ಕೆಲಸ ಅದು ಮಾಡುತ್ತದೆ. ಕಡತದಲ್ಲಿ, ಕಡತಕ್ಕೆ ಎರಡೂ ಒಂದೇ ಪದ ಅಂತ ಅದಕ್ಕೆ ಗೊತ್ತಾಗುತ್ತದೆ. ‘ವಲಯ’ ಅಂದಿದ್ದು ಇಲ್ಲಿ ರೀಜನ್ನಾ ಝೋನಾ ಅಂತ ಸುತ್ತಲಿನ ವಾಕ್ಯ ನೋಡಿ ಹೇಳಬಲ್ಲದು. ಆದರೆ ಇವತ್ತು ಹಿಡಿದ ತಪ್ಪನ್ನು ನಾಳೆ ಬಿಟ್ಟುಬಿಡಬಹುದು. ವೇಲ್ ಹಾಗೆ ಮಾಡುವುದಿಲ್ಲ. ಪುಟ ಹೊರಗೆ ಬಿಡುವ ಮುನ್ನ ಎರಡನೇ ಓದಿಗೆ ಬಳಸಿ, ಬಾಗಿಲಲ್ಲಿ ತಡೆಯುವ ಕೆಲಸ ಕೊಡಬೇಡಿ. ಇನ್ನೂ ಬಿಡುಗಡೆಯಾಗದ ಸಾಫ್ಟ್‌ವೇರ್‌ನ ಪುಟವನ್ನು ಕಂಪನಿಯ ಒಪ್ಪಿಗೆ ಇಲ್ಲದೆ ಹೊರಗಿನ ಸೇವೆಗೆ ಹಾಕಲೂಬೇಡಿ.

ಹಾಗಾದರೆ ನೀವು ಯಾವುದು

ಒಬ್ಬರೇ ಬರೆಯುವವರಿಗೆ ಶೀಟ್ ಸಾಕಾದರೂ, ಇಂಗ್ಲಿಷ್ ಡಾಕ್ಸ್, ಗಿಟ್ ಎರಡೂ ಇದ್ದರೆ ಇವತ್ತೇ ವೇಲ್ ಹಾಕಿ, ಹತ್ತು ಪದದಿಂದ ಶುರು ಮಾಡಿ. ಗಿಟ್ ಇಲ್ಲದ, ಗೂಗಲ್ ಡಾಕ್ಸ್‌ನಲ್ಲಿ ಬರೆಯುವ ಸಣ್ಣ ತಂಡಕ್ಕೆ ಶೀಟೇ ಸರಿ, ಆದರೆ ಪುಟ ಹೊರಗೆ ಹೋಗುವ ಮುಂಚೆ ಒಬ್ಬರು ಶೀಟ್ ಪಕ್ಕದಲ್ಲಿಟ್ಟು ಓದಲೇಬೇಕು ಅನ್ನೋ ನಿಯಮ ಇರಲಿ. ಆ ಒಬ್ಬರು ಯಾರು ಅಂತ ಹೆಸರು ಹಿಡಿದು ಹೇಳಿ, ‘ಯಾರಾದರೂ’ ಅಂದರೆ ಯಾರೂ ಮಾಡುವುದಿಲ್ಲ.

ತೋಟ, ಹೋಮ್‌ಸ್ಟೇ ಸಾಫ್ಟ್‌ವೇರ್‌ಗೆ ನೇರ ಕನ್ನಡದಲ್ಲಿ ಬರೆಯುವವರಿಗೆ ನನ್ನ ಸಲಹೆ ಸ್ವಲ್ಪ ಬೇರೆ. ಟೂಲ್ ಆರಿಸುವ ಮುಂಚೆ ಅದನ್ನು ಬಳಸುವವರ ಹತ್ತಿರ ಹೋಗಿ ಅವರು ಯಾವ ಪದ ಹೇಳುತ್ತಾರೆ ಕೇಳಿ. ನಮ್ಮಲ್ಲಿ ಮನೆಯಲ್ಲಿ ಕೊಡವ ತಕ್ಕ್ ಆಡುವವರಿದ್ದಾರೆ, ಅರೆಭಾಷೆ ಆಡುವವರಿದ್ದಾರೆ, ಮಲಯಾಳ, ತುಳು ಆಡುವವರಿದ್ದಾರೆ, ಕನ್ನಡ ಹೆಚ್ಚಿನವರಿಗೆ ಓದಲು ಬಂದರೂ ಪುಸ್ತಕದ ಕನ್ನಡ ಎಲ್ಲರಿಗೂ ಒಗ್ಗುವುದಿಲ್ಲ. ಅವರು ಬ್ಯಾಕಪ್ ಅಂದರೆ ಪಟ್ಟಿಯಲ್ಲೂ ಬ್ಯಾಕಪ್ ಇರಲಿ. ಆಮೇಲೆ ಶೀಟ್, ಫೈಲ್ ಇದ್ದರೆ ವೇಲ್‌ನಲ್ಲಿ ಅಪಾಯದ ಪದಗಳಿಗೆ ಮಾತ್ರ ನಿಯಮ, ಕೊನೆಗೆ ಎಐ ಓದು. ಇಷ್ಟು ಸಾಕು, ದುಡ್ಡೂ ಹೆಚ್ಚು ಬೀಳುವುದಿಲ್ಲ.

ಇಂಗ್ಲಿಷ್ ಮೂಲ, ಕನ್ನಡ ಅನುವಾದ ಎರಡನ್ನೂ ನೋಡಿಕೊಳ್ಳುವ ತಂಡವಾದರೆ ಇಂಗ್ಲಿಷ್ ಕಡೆ ವೇಲ್, ಕನ್ನಡ ಕಡೆ ವೆಬ್‌ಲೇಟ್ ಅಥವಾ ಒಮೆಗಾಟಿ. ಮೂಲದಲ್ಲೇ ಮೂರು ಹೆಸರಿದ್ದರೆ ಅನುವಾದದಲ್ಲಿ ಅದು ಆರಾಗುತ್ತದೆ, ಹಾಗಾಗಿ ಸಮಯ ಕಡಿಮೆ ಇದ್ದರೆ ಇಂಗ್ಲಿಷ್ ಕಡೆಯನ್ನು ಮೊದಲು ಸರಿ ಮಾಡಿ.

ಮುಂದೆ ಟೂಲ್ ಬದಲಿಸಬೇಕಾದರೆ ಅಂತ ಭಯ ಬೇಡ. ಶೀಟ್ ಅನ್ನು ಟ್ಯಾಬ್‌ನಿಂದ ಬೇರೆ ಮಾಡಿದ ಫೈಲ್ ಆಗಿ ಇಳಿಸಿ, ಬೇಡದ ಕಾಲಮ್ ತೆಗೆದರೆ ಒಮೆಗಾಟಿಗೆ ಹೋಗುತ್ತದೆ. ಬಳಸಬಾರದ ಪದದ ಕಾಲಮ್‌ನಿಂದ ವೇಲ್ ನಿಯಮ ಮಾಡಬಹುದು. ಪದಪಟ್ಟಿಗಳನ್ನು ಟೂಲ್‌ನಿಂದ ಟೂಲ್‌ಗೆ ಸಾಗಿಸಲೆಂದೇ ಟಿಬಿಎಕ್ಸ್ ಅನ್ನೋ ಐಎಸ್‌ಒ ಮಾನದಂಡ ಇದೆ, ಸಂಖ್ಯೆ 30042, ಒಮೆಗಾಟಿ, ವೆಬ್‌ಲೇಟ್ ಎರಡೂ ಅದನ್ನು ಓದುತ್ತವೆ. ದುಡ್ಡು ಕೊಟ್ಟು ಯಾವ ಟೂಲ್ ತೆಗೆದುಕೊಂಡರೂ ಟಿಬಿಎಕ್ಸ್ ಅಥವಾ ಸಾದಾ ಸಿಎಸ್‌ವಿ ಆಗಿ ಪಟ್ಟಿಯನ್ನು ಹೊರಗೆ ಕೊಡುತ್ತದಾ ಅಂತ ಮೊದಲು ಕೇಳಿ. ಕೊಡದಿದ್ದರೆ ತೆಗೆದುಕೊಳ್ಳಬೇಡಿ.